ಬಿಸಿಲಿಗೆ ಹಾಕಿದ ನೀರುನಾಯಿಯ ಹೊಟ್ಟೆ

ಮೊದಲು ತಂಪು ಅಂಗಿ. ಅದರ ಜೇಬುಗಳಿಗೆ ಫ್ರೀಜರಿನಲ್ಲಿಟ್ಟ ಜೆಲ್ ಚೀಲಗಳನ್ನು ತೂರಿಸಬೇಕು. ಅದು ಬೆನ್ನಿಗೆ ತಾಗಿದೊಡನೆ ಒಳಗಿನವಳು ‘ಹಾ!’ ಎಂದು ಕಿರುಚುವುದು ದಿನವೂ ಇದ್ದದ್ದೇ. ಆಮೇಲೆ ಸೊಂಟಕ್ಕೆ ಅಗಲ ಪಟ್ಟಿ, ಬಾಲದ ಭಾರ ಕೂರುವುದು ಅದರ ಮೇಲೆ. ಆಮೇಲೆ ಮೈ, ಬೆನ್ನಿನ ಜಿಪ್ಪು, ಜಿಪ್ಪನ್ನು ಮುಚ್ಚುವ ತುಪ್ಪಳದ ಮಡಿಕೆ. ಪಾದ, ಕೈಗವಸು. ಎಲ್ಲ ಆದ ಮೇಲೆ, ಬಾಗಿಲ ಹೊರಗೆ ಮಕ್ಕಳು ಯಾರೂ ಇಲ್ಲವೆಂದು ಇಣುಕಿ ನೋಡಿ, ಕೊನೆಗೆ ತಲೆ. ತಲೆಯೊಳಗಿನ ಪುಟ್ಟ ಫ್ಯಾನಿನ ಸ್ವಿಚ್ಚು ಒತ್ತಿ, ನಾಯಿಗೆ ಬಾಚುವ ಬ್ರಷ್ಷಿನಲ್ಲಿ ಕೆನ್ನೆಯ ಕೂದಲು ಬಾಚಿ, “ಆಯ್ತು ಮಾರಾಯ್ತಿ, ಹೊರಡುವ” ಎಂದರೆ, ಇಷ್ಟು ಹೊತ್ತು ನನ್ನ ಪಕ್ಕದಲ್ಲಿ ಗೊಣಗುತ್ತಿದ್ದ ಹೆಂಗಸು ಇಲ್ಲವಾಗಿ, ಕಂದು ಬೆನ್ನಿನ, ಬಿಳಿ ಹೊಟ್ಟೆಯ, ಸದಾ ನಗುವ ಒಂದು ನೀರುನಾಯಿ ನಿಂತಿರುತ್ತಿತ್ತು.

ಸಮುದ್ರದಾಚೆಯ ಒಂದು ಬಂದರು ನಗರದಲ್ಲಿ ವಿಶ್ವ ಮೇಳ ನಡೆಯುವುದಿತ್ತು. ದೇಶದೇಶದವರು ಮಂಟಪ ಕಟ್ಟಿಕೊಂಡು ತಮ್ಮ ತಮ್ಮ ಹೆಚ್ಚುಗಾರಿಕೆ ತೋರಿಸುವ, ತಿಂಗಳುಗಟ್ಟಲೆ ನಡೆಯುವ ಮೇಳ. ಆ ಊರಿನ ನದಿಯಲ್ಲಿ ನೀರುನಾಯಿಗಳು ಇವೆಯಂತೆ, ಹಾಗಾಗಿ ಮೇಳದ ಗುರುತಿನ ಪ್ರಾಣಿ ಅದೇ. ಅಮೆರಿಕದ ಜನರನ್ನು ಮೇಳಕ್ಕೆ ಕರೆಯಲು ಈ ವೇಷವನ್ನು ಊರೂರು ತಿರುಗಿಸುವ ಕೆಲಸ ಫೇರ್‌ಫ್ಯಾಕ್ಸಿನ ಒಂದು ಚಿಕ್ಕ ಕಂಪನಿಗೆ ಸಿಕ್ಕಿತ್ತು. ಅವರಿಗೆ ಹೊಲಿಗೆ ಬರುವ, ವ್ಯಾನಿನಲ್ಲಿ ದಿನಗಟ್ಟಲೆ ಕೂರಬಲ್ಲ, ಮಕ್ಕಳ ಗಲಾಟೆಗೆ ರೇಗದ ಒಬ್ಬರು ಬೇಕಿತ್ತು. ನಾನು ಸಿಕ್ಕಿದೆ.

ನನ್ನ ಕೆಲಸ ನೀರುನಾಯಿಯ ಕೈ ಹಿಡಿದು ನಡೆಸುವುದು. ಒಳಗಿನವಳಿಗೆ ಕಾಣುವುದು ಬಾಯಿಯ ಜಾಗದ ಕರಿ ಜಾಲರಿಯಿಂದ ಮಾತ್ರ. ಮೆಟ್ಟಿಲು ಕಾಣದು, ಮೊಣಕಾಲೆತ್ತರದ ಮಗು ಕಾಣದು. ನನ್ನ ಮಣಿಕಟ್ಟನ್ನು ಒಮ್ಮೆ ಒತ್ತಿದರೆ ನೀರು ಬೇಕು, ಎರಡು ಸಲ ಒತ್ತಿದರೆ ಕೂಡಲೇ ಹೊರಗೆ ಕರೆದುಕೊಂಡು ಹೋಗಬೇಕು. ನಿಯಮಗಳು ಎರಡೇ, ಆದರೆ ಕಟ್ಟುನಿಟ್ಟು. ನೀರುನಾಯಿ ಮಾತಾಡಬಾರದು. ತಲೆ ತೆಗೆದದ್ದನ್ನು ಹೊರಗಿನವರು ನೋಡಬಾರದು.

ಮೊದಲನೆಯದನ್ನು ನಾವು ಮೊದಲ ವಾರವೇ ಮುರಿದಿದ್ದೆವು. ಒಳಗಿನವಳು ಬೆಂಗಳೂರಿನ ಶಿವಾಜಿನಗರದವಳು, ನಾನು ಉಡುಪಿ ಕಡೆಯವಳು. ಕಂಪನಿಯವರಿಗೆ ನಾವಿಬ್ಬರೂ ‘ಇಂಡಿಯನ್ಸ್’, ಅಷ್ಟೇ. ಜನಜಂಗುಳಿಯ ನಡುವೆ ಅವಳು ಕೈ ಬೀಸುತ್ತಲೇ ಜಾಲರಿಯೊಳಗಿಂದ ಸಣ್ಣಗೆ ಕನ್ನಡದಲ್ಲಿ ಬಿಡುತ್ತಿದ್ದಳು.

“ಅಕ್ಕಾ, ಯಾರೋ ಬಾಲ ಹಿಡ್ಕೊಂಡು ಜೋತಾಡ್ತಿದಾರೆ, ನೋಡಿ.”

“ಮಗು. ಬಿಡಿಸ್ತೇನೆ ಇರು.”

“ಈ ಅಂಕಲ್ ಮೂರನೇ ಸಲ ಫೋಟೋ ತಗೊಳ್ತಿರೋದು. ಮನೇಲಿ ಯಾರೂ ಇಲ್ವಂತಾ ಇವರಿಗೆ?”

ಕೇಳಿದವರಿಗೆ ಅದು ಫ್ಯಾನಿನ ಗುರುಗುರು. ನಾನು ನಗು ತಡೆದುಕೊಂಡು, “ಮೇಳಕ್ಕೆ ಖಂಡಿತ ಬನ್ನಿ” ಎಂದು ಇಂಗ್ಲಿಷಿನಲ್ಲಿ ಚೀಟಿ ಹಂಚುತ್ತಿದ್ದೆ. ಇದು ಬೀವರ್ ಅಲ್ಲವೇ, ಸೀಲ್ ಅಲ್ಲವೇ ಎಂದು ಕೇಳುವವರೇ ಹೆಚ್ಚು, ಅಲ್ಲ ‘ಆಟರ್’ ಎಂದು ತಿದ್ದುವುದೂ ನನ್ನದೇ ಕೆಲಸ. ವಯಸ್ಸಾದವರಂತೂ, “ವಿಶ್ವ ಮೇಳಗಳು ಇನ್ನೂ ನಡೆಯುತ್ತವೆಯೇ?” ಎಂದು ಕಣ್ಣರಳಿಸುತ್ತಿದ್ದರು.

ಒಳಗಿನವಳಿಗೆ ನಲವತ್ತು ದಾಟಿತ್ತು. ರಾಕ್‌ವಿಲ್‌ನ ಒಂದು ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದಳು, ಅದು ಮುಚ್ಚಿತು. ಮತ್ತೆ ಅರ್ಜಿ ಹಾಕಿದಲ್ಲೆಲ್ಲ ಇಲ್ಲ ಎಂಬ ಉತ್ತರ. ಎತ್ತರ ಕಡಿಮೆ ಇರುವವರು ಬೇಕು ಎಂಬ ಜಾಹೀರಾತು ನೋಡಿ, “ಜನ್ಮದಲ್ಲಿ ಒಂದ್ಸಲನಾದ್ರೂ ನನ್ನ ಹೈಟ್ ಕ್ವಾಲಿಫಿಕೇಶನ್ ಆಯ್ತಲ್ಲಾ ಅಂತ ಅಪ್ಲೈ ಮಾಡ್ದೆ” ಎಂದು ಹೇಳಿಕೊಂಡು ನಗುತ್ತಿದ್ದಳು. ಒಂದು ದಿನ ಮಾತ್ರ, ತಲೆ ತೆಗೆದು ಬೆವರು ಒರೆಸಿಕೊಳ್ಳುತ್ತ, ನಗದೆ ಹೇಳಿದಳು:

“ಅಕ್ಕಾ, ಇಂಟರ್‌ವ್ಯೂಗೆ ಹೋದ್ರೆ ನನ್ ಮುಖ ನೋಡ್ತಿದ್ದಂಗೇ ಅವರ ಮುಖ ಇಳಿದುಹೋಗೋದು. ಇದರೊಳಗೆ ಇದ್ರೆ ನೋಡಿದ ತಕ್ಷಣ ಎಲ್ಲರೂ ನಗ್ತಾರೆ. ನನ್ನ ಕಂಡು ಇಷ್ಟು ಜನ ಖುಷಿಪಟ್ಟಿದ್ದು ಯಾವತ್ತೂ ಇಲ್ಲ.”

ಮೇಳ ನಡೆಯುವಷ್ಟೂ ಕಾಲ ಅಲ್ಲೇ ನೀರುನಾಯಿಯಾಗಿರಲು ಅಮೆರಿಕದಿಂದ ಒಬ್ಬರನ್ನು ಆರಿಸುತ್ತಾರೆ ಎಂದು ತಿಳಿದಿತ್ತು. ಅಟ್ಲಾಂಟಾದ ಒಂದು ದೊಡ್ಡ ಪ್ರವಾಸ ಪ್ರದರ್ಶನಕ್ಕೆ ಮೇಳದ ಅಧಿಕಾರಿಯೊಬ್ಬರು ಬಂದು ನೋಡುವವರಿದ್ದರು. ಅಟ್ಲಾಂಟಾದಾಚೆಯ ದಕ್ಷಿಣದ ರಾಜ್ಯಗಳಲ್ಲಿ ಇನ್ನೊಂದು ನೀರುನಾಯಿ ತಿರುಗುತ್ತಿತ್ತು, ಅದರೊಳಗೆ ಬೇರೊಬ್ಬಳು. ಇಬ್ಬರಲ್ಲಿ ಒಬ್ಬಳು. ನಮ್ಮವಳು ಹಗಲಿರುಳು ಅದನ್ನೇ ಜಪಿಸುತ್ತಿದ್ದಳು. ಅಮ್ಮನಿಗೂ ಹೇಳಿಬಿಟ್ಟಿದ್ದಳು, ನೀರುನಾಯಿ ಎಂದಲ್ಲ, ‘ಫಾರಿನ್ ಪೋಸ್ಟಿಂಗ್’ ಎಂದು.

ಅಟ್ಲಾಂಟಾಕ್ಕೆ ಹೊರಡುವ ಮುಂಚಿನ ಭಾನುವಾರ ಲ್ಯಾನ್‌ಹ್ಯಾಮಿನಲ್ಲಿ ನಮ್ಮ ಕನ್ನಡದವರ ಊಟವಿತ್ತು. ಅಲ್ಲಿನ ದೇವಸ್ಥಾನಕ್ಕೆ ಬಂದವರು ಅತ್ತಲಿಂದ ಹಾಗೇ ಬರಲಿ ಎಂದು ಹತ್ತಿರದಲ್ಲೇ ಬಾಡಿಗೆಗೆ ಹಿಡಿದ ಹಾಲ್. ನೀರುನಾಯಿಯನ್ನೂ ಕರೆತರಬಹುದೇ ಎಂದು ಟೂರ್ ಮ್ಯಾನೇಜರನ್ನು ಕೇಳಿದೆ. ಅವನು ಸೌತ್ ಕ್ಯಾರೊಲೈನಾದ ಕಡೆಯ ಎತ್ತರದ ಆಳು, ಮೆಲು ಮಾತಿನವನು. ಜನ ಎಲ್ಲಿದ್ದಾರೋ ಅಲ್ಲಿಗೆ ಹೋಗುವುದೇ ನಮ್ಮ ಕೆಲಸ ಎಂದು ಒಪ್ಪಿ ತಾನೂ ಜೊತೆಗೆ ಬಂದ. ಮಾಸ್ಕಿನ ಕಾಲ ಆಗಷ್ಟೇ ಕಳೆದು, ಮಕ್ಕಳನ್ನು ಯಾರನ್ನೂ ಮುಟ್ಟಬೇಡ ಎಂದು ಬೆಳೆಸಿದ್ದ ತಾಯಂದಿರು ಹೋಗಿ ಅಪ್ಪಿಕೋ ಎಂದು ಹೇಳಲು ಕಲಿಯುತ್ತಿದ್ದ ದಿನಗಳು ಅವು.

ನಾವು ಒಳಗೆ ಹೋದಾಗ ಊಟ ಅರ್ಧಕ್ಕೆ ಬಂದಿತ್ತು. ಮಕ್ಕಳು ಸುತ್ತ ನಿಂತರು, ಆದರೆ ದೂರ. ಒಬ್ಬರನ್ನೊಬ್ಬರು ಮುಂದೆ ತಳ್ಳುತ್ತ, ನಾಚುತ್ತ. ನೀರುನಾಯಿ ಕೈ ಬೀಸಿತು, ಸೊಂಟ ಕುಣಿಸಿತು. ಯಾರೂ ಹತ್ತಿರ ಬರಲೊಲ್ಲರು. ಅಷ್ಟರಲ್ಲಿ, ಅಭ್ಯಾಸಬಲ, ಅವಳು ಜಾಲರಿಯೊಳಗಿಂದ ನನಗೆ ಹೇಳಿದಳು:

“ಅಕ್ಕಾ, ಚಿತ್ರಾನ್ನದ್ ಸ್ಮೆಲ್ ಬರ್ತಿದೆ. ಖಾಲಿ ಆಗೋದ್ರೊಳಗೆ ನನಗೊಂದ್ ಪ್ಲೇಟ್ ಎತ್ತಿಡಿ, ಪ್ಲೀಸ್.”

ಎಲ್ಲಿ ನಿಂತು ಏನು ಹೇಳುತ್ತಿದ್ದೇವೆ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ. ಎದುರಿಗಿದ್ದ ಎರಡು ಜಡೆಯ ಹುಡುಗಿಯ ಬಾಯಿ ತೆರೆದದ್ದು ತೆರೆದ ಹಾಗೇ ನಿಂತಿತು.

“ಅಮ್ಮಾ! ಇಟ್ ಟಾಕ್ಸ್ ಕನ್ನಡ! ಇಟ್ ವಾಂಟ್ಸ್ ಚಿತ್ರಾನ್ನ!”

ಆಮೇಲೆ ತಡೆಯುವುದು ನನ್ನಿಂದಾಗುವ ಮಾತಾಗಿರಲಿಲ್ಲ. ಇಂಗ್ಲಿಷಿನ ದೇಶದಲ್ಲಿ ಮನೆಯವರ ಭಾಷೆ ಆಡುವ ಪ್ರಾಣಿ ಸಿಕ್ಕಿದರೆ ಯಾವ ಮಗು ಸುಮ್ಮನಿದ್ದೀತು! ಹಾಲಿನ ಎಲ್ಲ ಮಕ್ಕಳೂ ಮುಷ್ಟಿ ತುಂಬ ಚಿತ್ರಾನ್ನ ಹಿಡಿದು ಓಡಿ ಬಂದರು. “ತಗೋ ಆಟರ್, ತಿನ್ನು!” “ನಿಂದು ಹೆಸರು ಏನು?” ಬಾಯಿಗೆ ಎಟುಕದವರು ಹೊಟ್ಟೆಗೆ ಹಚ್ಚಿದರು. ತಿನ್ನಿಸಿದವರು ಅಪ್ಪಿಕೊಂಡರು. ಒಳಗಿನವಳು ನಗುತ್ತಿದ್ದಾಳೆ ಎಂದು ತೋಳಿನ ಕುಲುಕಾಟದಿಂದಲೇ ನನಗೆ ತಿಳಿಯುತ್ತಿತ್ತು.

ಮಕ್ಕಳನ್ನು ಸರಿಸಿ ನೋಡಿದರೆ, ಬಿಳಿ ಹೊಟ್ಟೆಯ ತುಂಬ ಅರಿಸಿನದ ಪುಟ್ಟ ಕೈಗಳು.

ಮ್ಯಾನೇಜರ್ ಗಾಬರಿಯಾಗಲಿಲ್ಲ. ಕಲೆಯಾದೊಡನೆ ಸಿಂಪಡಿಸಬೇಕೆಂದು ವೇಷದೊಂದಿಗೆ ಕೊಟ್ಟಿದ್ದ ಸಾಬೂನಿನ ಸ್ಪ್ರೇ ಅವನ ಸೊಂಟದ ಚೀಲದಲ್ಲೇ ಇತ್ತು. ನಾನು ಬೇಡ ಎಂದು ಕೈ ಎತ್ತುವುದರೊಳಗೆ ಎದೆಯಿಂದ ಕೆಳಗಿನವರೆಗೆ ಸಿಂಪಡಿಸಿಬಿಟ್ಟ. ಹಳದಿ ಕೈಗಳೆಲ್ಲ ಒಂದೊಂದಾಗಿ ಕೆಂಪಾದವು.

ಹಾಲ್ ಗಪ್‌ಚುಪ್. ಮ್ಯಾನೇಜರ್ ತನ್ನ ಕೈಯ ಸ್ಪ್ರೇಯನ್ನು ನೋಡಿಕೊಂಡ. ಊಟದ ಸಾಲಿನಲ್ಲಿದ್ದ ಒಬ್ಬ ಅಜ್ಜಿ, “ಅಯ್ಯಯ್ಯೋ, ಆರತಿ ನೀರು ಮಾಡಿಟ್ನಲ್ಲೇ ಮಹಾರಾಯ!” ಎಂದರು.

“ಅಕ್ಕಾ?” ಒಳಗಿಂದ ಧ್ವನಿ. “ಯಾಕೆ ಎಲ್ರೂ ಸೈಲೆಂಟ್ ಆದ್ರು? ಏನಾಯ್ತು?”

“ಏನಿಲ್ಲ. ಮೆಲ್ಲ ನನ್ನೊಟ್ಟಿಗೆ ಬಾ.”

ಆ ಸಂಜೆ ಮೇಳದ ಪ್ರಚಾರ ಕಚೇರಿಯ ಹೆಂಗಸಿಗೆ ಮ್ಯಾನೇಜರ್ ಫೋಟೋ ಕಳುಹಿಸಿದ. ಅವಳು ಕೂಗಾಡಲಿಲ್ಲ, ಅದೇ ಹೆದರಿಕೆ ಹುಟ್ಟಿಸಿತು. ಇದು ರಕ್ತದ ಹಾಗೆ ಕಾಣುತ್ತದೆ, ಅಟ್ಲಾಂಟಾದ ಬೆಳಿಗ್ಗೆ ಹೊಟ್ಟೆ ಮೊದಲಿನ ಬಿಳಿಯಲ್ಲೇ ಇದ್ದರೆ ಸರಿ, ಇಲ್ಲವಾದರೆ ಇನ್ನೊಂದು ನೀರುನಾಯಿ ಮಾತ್ರ ವೇದಿಕೆ ಹತ್ತುತ್ತದೆ ಎಂದಳು. ಆ ಇನ್ನೊಂದು ವೇಷ ಉದ್ದದವಳ ಅಳತೆಯದು. ನಮ್ಮವಳು ಅದರೊಳಗೆ ನಿಂತರೆ ಜಾಲರಿ ಹಣೆಗೆ ಬರುತ್ತದೆ. ಅಂದರೆ, ಅವಳ ಸರದಿಯೇ ಇಲ್ಲ.

ವೇಷವನ್ನು ಫೇರ್‌ಫ್ಯಾಕ್ಸಿನ ನಮ್ಮ ಮನೆಗೆ ತಂದೆವು. ಊಟದ ಮೇಜಿನ ಮೇಲೆ ಅಂಗಾತ ಮಲಗಿಸಿದೆವು. ನಮ್ಮ ಯಜಮಾನರು ಒಳಗೆ ಬಂದವರು ಚಪ್ಪಲಿಯನ್ನೂ ಬಿಡದೆ ನಿಂತರು.

“ಇದಕ್ಕೆಂತ ಆಪರೇಷನ್ನಾ?”

“ನೀವು ಸುಮ್ಮನೆ ನಿಂಬೆಹಣ್ಣು ಹಿಂಡಿ ಕೊಡಿ” ಎಂದೆ.

ಸಾಬೂನು ತಾಗಿದರೆ ಅರಿಸಿನ ಕೆಂಪಾಗುತ್ತದೆ, ಹುಳಿ ತಾಗಿದರೆ ತಿರುಗಿ ಹಳದಿಯಾಗುತ್ತದೆ. ಇದು ನನಗೆ ಬಟ್ಟೆ ಒಗೆದು ಗೊತ್ತು, ಅವಳಿಗೆ ಪ್ರಯೋಗಾಲಯದಿಂದ ಗೊತ್ತು. ಆದರೂ ಅವಳು ನನ್ನನ್ನು ತಡೆದಳು. “ಒಂದೇ ಸಲ ಎಲ್ಲಾ ಕಡೆ ಹಾಕ್ಬೇಡಿ ಅಕ್ಕಾ. ಟೆಸ್ಟ್ ಮಾಡೋಣ.” ಒಳಮಡಿಕೆಯಿಂದ ಎರಡು ಎಳೆ ಕೂದಲು ಕತ್ತರಿಸಿ, ಅರಿಸಿನ ಹಚ್ಚಿ, ಸಾಬೂನು ತಾಗಿಸಿ, ನಿಂಬೆರಸದಲ್ಲಿ ಅದ್ದಿ, ಕೂದಲು ಮುದುಡುವುದಿಲ್ಲ ಎಂದು ಖಾತ್ರಿ ಮಾಡಿಕೊಂಡಳು. ಆಮೇಲೆ ಹತ್ತಿಯ ತುಂಡಿನಲ್ಲಿ ಒಂದೊಂದು ಕೈಗುರುತನ್ನೂ ಒರೆಸಿದೆವು. ಕೆಂಪು ಹೋಗಿ ಹಳದಿ ಬಂತು. ಅವಳು ಕುಣಿದಳು. ಕುಣಿತ ನಿಂತ ಮೇಲೆ ಕೇಳಿದಳು, “ಈಗ ಹಳದಿ?”

ಹಳದಿಗೆ ಬಿಸಿಲೊಂದೇ. ನಮ್ಮಲ್ಲಿ ಅರಿಸಿನ ಬಿದ್ದ ಬಿಳಿ ಪಂಚೆಯನ್ನು ಉಜ್ಜಿ ಉಜ್ಜಿ ಸಾಯುವುದಿಲ್ಲ, ಬಿಸಿಲಿಗೆ ಹರವಿ ಬಿಡುತ್ತೇವೆ. ಆದರೆ ಪಂಚೆ ಬೇರೆ, ಈ ಹೊಟ್ಟೆ ಬೇರೆ. ಒಳಗೆ ದಪ್ಪ ಸ್ಪಂಜು ಇದ್ದು ಉಬ್ಬಿಕೊಂಡಿರುವುದರಿಂದ ಒಂದು ಮಗ್ಗುಲಿಗೆ ಬಿಸಿಲು ಬಿದ್ದರೆ ಇನ್ನೊಂದು ಮಗ್ಗುಲಿಗೆ ನೆರಳು. ಇಡೀ ವೇಷವನ್ನು ದಿನವಿಡೀ ಬಿಸಿಲಿಗಿಟ್ಟರೆ ಕಂದು ಬೆನ್ನೂ ಬಣ್ಣಗೆಡುತ್ತದೆ. ಹೊಟ್ಟೆಯ ಬಿಳಿ ತುಂಡನ್ನೇ ಬಿಚ್ಚಿ ತೆಗೆಯಬೇಕು. ವೇಷದ ಹೊಲಿಗೆಗೆ ತಯಾರಕರ ಹೊರತು ಯಾರೂ ಕೈ ಹಚ್ಚಬಾರದು ಎಂದು ಕರಾರಿನಲ್ಲಿ ಬರೆದಿತ್ತು. ಬಿಚ್ಚಿದ ಮೇಲೆ ಬಿಳಿಯಾಗದಿದ್ದರೆ ಕಲೆಯಾದ ವೇಷವಲ್ಲ, ಹರಿದ ವೇಷ ಒಪ್ಪಿಸಬೇಕಾಗುತ್ತಿತ್ತು.

ಮ್ಯಾನೇಜರಿಗೆ ಫೋನ್ ಮಾಡಿ ಸ್ಪೀಕರಿನಲ್ಲಿಟ್ಟು ಹೇಳಿದೆ. “ಮೇಡಂ, ಸ್ಪ್ರೇ ಹೊಡೆದವನು ನಾನು. ನೀವು ಏನು ಮಾಡುತ್ತೀರೋ ಅದಕ್ಕೆ ನನ್ನ ಹೆಸರೂ ಇರಲಿ” ಎಂದ.

ಅವಳು ನನ್ನ ಮುಖ ನೋಡುತ್ತಿದ್ದಳು. “ಅಕ್ಕಾ, ನಿಮಗೆ ಭಯ ಆದ್ರೆ ಬೇಡ. ನಿಮ್ ಕೆಲ್ಸಾನೂ ಹೋಗುತ್ತೆ.”

“ಭಯ ಉಂಟು. ನೀನು ಆ ಲೈಟ್ ಸ್ವಲ್ಪ ಹತ್ತಿರ ಹಿಡಿ” ಎಂದು ಹೊಲಿಗೆ ಬಿಚ್ಚುವ ಕೊಕ್ಕೆಯನ್ನು ಗಂಟಲ ಬುಡದಲ್ಲಿ ತೂರಿಸಿದೆ.

ಮರುದಿನ ದಕ್ಷಿಣಕ್ಕೆ ಹೊರಟೆವು. ಊರು ಬಳಸುವ ಹೆದ್ದಾರಿ ಬೆಲ್ಟ್‌ವೇಯ ಟ್ರಾಫಿಕ್ಕಿನಲ್ಲೇ ಹೊಟ್ಟೆಯ ತುಂಡನ್ನು ವ್ಯಾನಿನ ಮುಂಗಾಜಿನ ಕೆಳಗೆ ಹರವಿದೆ. ಪಕ್ಕದ ಲೇನಿನವರು ಇಣುಕಿ ನೋಡುತ್ತಿದ್ದರು. ಮಧ್ಯಾಹ್ನವಾದರೂ ಹಳದಿ ಕದಲಲಿಲ್ಲ. ಹಿಂದಿನ ಸೀಟಿನಿಂದ ಅವಳು ಹಣೆ ಚಚ್ಚಿಕೊಂಡಳು. “ಗ್ಲಾಸ್! ಅಕ್ಕಾ, ವಿಂಡ್‌ಶೀಲ್ಡ್ ಬಣ್ಣ ತೆಗೆಯೋ ಯುವಿ ಕಿರಣ ತಡೆಯುತ್ತೆ. ಬರೀ ಸೆಕೆ ಒಳಗೆ ಬರೋದು. ನನಗ್ ಮೊದಲೇ ಹೊಳೀಬೇಕಿತ್ತು.” ಬಿಸಿಗೆ ಅಂಚಿನ ಕೂದಲು ಮುದುಡತೊಡಗಿದ್ದನ್ನು ಆಗಲೇ ಕಂಡೆ. ತೆಗೆದು ಮಡಿಲಲ್ಲಿಟ್ಟುಕೊಂಡೆ. ನಾರ್ತ್ ಕ್ಯಾರೊಲೈನಾಕ್ಕೆ ಕಾಲಿಡುತ್ತಿದ್ದಂತೆ ಮೋಡ ಕವಿದು ಜಿನುಗು ಮಳೆ ಹಿಡಿಯಿತು.

ದಾರಿಯಲ್ಲಿ ಮೊದಲ ಕಾರ್ಯಕ್ರಮ ರಾಲಿಯ ರೈತರ ಸಂತೆಯೊಂದರಲ್ಲಿ, ಬಯಲಿನಲ್ಲಿ. ಮಳೆಯೇ ನಮ್ಮನ್ನು ಕಾಯಿತು. ಬರೀ ಸ್ಪಂಜು ಕಾಣುವ ಹೊಟ್ಟೆಯ ಮೇಲೆ ಹಳದಿ ರೇನ್‌ಕೋಟು ತೊಡಿಸಿ ನೀರುನಾಯಿಯನ್ನು ಹೊರಗೆ ಬಿಟ್ಟೆವು. ಮಳೆಗೆ ಕೋಟು ಹಾಕಿದ ನೀರಿನ ಪ್ರಾಣಿಯನ್ನು ಕಂಡು ಜನ ಬಿದ್ದು ಬಿದ್ದು ನಕ್ಕರು. ಅದನ್ನೇ ಬೇಕೆಂದು ಮಾಡಿದ ತಮಾಷೆ ಎಂದುಕೊಂಡರು.

ಷಾರ್ಲೆಟ್‌ನಲ್ಲಿ ಆ ನೆವ ಇರಲಿಲ್ಲ, ಕಾರ್ಯಕ್ರಮ ಒಂದು ಮಾಲಿನ ಒಳಗೆ. ಮೇಳದ ದೊಡ್ಡ ಪ್ರಚಾರ ಫಲಕವನ್ನು ಎರಡೂ ಕೈಯಲ್ಲಿ ಹಿಡಿದು ಹೊಟ್ಟೆ ಮುಚ್ಚಿಕೊಳ್ಳುವುದು ಎಂದಾಯಿತು. ಮೊದಲ ಸರದಿ ಸೋತು ಸುಣ್ಣ. ಕೈ ಬೀಸಲಾಗದ ಮೇಲೆ ಅವಳು ಬಸ್ ಕಾಯುವವಳ ಹಾಗೆ ನಿಂತುಬಿಟ್ಟಳು. ಮಕ್ಕಳು ನೋಡಿ, ದಾಟಿ, ಐಸ್‌ಕ್ರೀಮಿನ ಕಡೆ ಹೋದರು. ಒಳಕೋಣೆಯಲ್ಲಿ ತಲೆ ತೆಗೆದಾಗ ಕಣ್ಣು ಕೆಂಪಾಗಿತ್ತು.

“ಬಿಡಿ ಅಕ್ಕಾ. ನಂಗೆ ಬರೋದು ಕೈ ಬೀಸೋದು ಒಂದೇ ಅಂತ ಗೊತ್ತಾಯ್ತಲ್ಲ.”

ನನಗೆ ಉಪದೇಶ ಬರುವುದಿಲ್ಲ. ನೀರು ಕುಡಿಸಿದೆ, ಜೆಲ್ ಚೀಲ ಬದಲಿಸಿದೆ. ಆಮೇಲೆ ಹೇಳಿದೆ, “ನೀನು ಮನೆಯಲ್ಲಿ ಎರಡೂ ಕೈಯಲ್ಲಿ ಪಾತ್ರೆ ಹಿಡಿದುಕೊಂಡಿದ್ದಾಗ ಮಗು ಬಂದರೆ ಎಂತ ಮಾಡ್ತಿ? ಕತ್ತು ಓರೆ ಮಾಡಿ ಮಾತಾಡಿಸ್ತಿ ಅಲ್ಲವಾ. ಅಷ್ಟೇ ಮಾಡು.”

ಎರಡನೆಯ ಸರದಿಯಲ್ಲಿ ಫಲಕದ ಮೇಲಿಂದ ತಲೆ ಮೆಲ್ಲ ಓರೆಯಾಯಿತು. ಎದುರಿನ ಮಗುವೂ ತಲೆ ಓರೆ ಮಾಡಿತು. ನೀರುನಾಯಿ ಇನ್ನೊಂದು ಕಡೆಗೆ ಓರೆ ಮಾಡಿತು, ಮಗುವೂ ಮಾಡಿತು. ಅವಳು ಫಲಕದ ಹಿಂದೆ ಅಡಗಿದಳು, ಇಣುಕಿದಳು, ನೆಲದ ಮೇಲೆ ಕೂತೇಬಿಟ್ಟಳು. ಮಕ್ಕಳೂ ಸುತ್ತ ಕೂತರು. ಆವತ್ತಿನವರೆಗೆ ಜನ ನೀರುನಾಯಿಯ ಫೋಟೋ ತೆಗೆದುಕೊಂಡು ಹೋಗುತ್ತಿದ್ದರು. ಆವತ್ತು ಕೂತರು, ಹೋಗಲೇ ಇಲ್ಲ. ಮ್ಯಾನೇಜರ್ ನನ್ನ ಕಿವಿಯಲ್ಲಿ, “ಇದನ್ನು ಎಲ್ಲಿ ಅಡಗಿಸಿಟ್ಟಿದ್ದಳು?” ಎಂದ.

ಸೌತ್ ಕ್ಯಾರೊಲೈನಾ ತಲುಪಿದ ದಿನ ಮೋಡ ಹರಿಯಿತು. ಕಾರ್ಯಕ್ರಮವಿಲ್ಲದ ದಿನ. ಮ್ಯಾನೇಜರ್ ತನಗೆ ಗೊತ್ತಿದ್ದ ಒಂದು ಮೋಟೆಲಿನ ಹಿಂದಿನ ಹುಲ್ಲುಹಾಸಿಗೆ ಕರೆದುಕೊಂಡು ಹೋದ, ಸುತ್ತ ಒಂದು ಮರದ ನೆರಳೂ ಇಲ್ಲ. ಮಡಿಚುವ ಕುರ್ಚಿಯೆರಡರ ಮೇಲೆ ಬೆಡ್‌ಶೀಟು, ಅದರ ಮೇಲೆ ಹೊಟ್ಟೆ. ನಿಂಬೆಯ ನೀರು ಚಿಮುಕಿಸಿ, ಕೂದಲನ್ನು ಒಮ್ಮೆ ಬಲಕ್ಕೆ ಬಾಚುವುದು, ಬುಡಕ್ಕೆ ಬಿಸಿಲು ತಾಗಿದ ಮೇಲೆ ಎಡಕ್ಕೆ ಬಾಚುವುದು. ಹಪ್ಪಳ ಒಣಗಲಿಟ್ಟು ಕಾಗೆ ಕಾಯುವವರ ಹಾಗೆ ತಲೆಯ ಮೇಲೆ ಟವೆಲು ಹಾಕಿಕೊಂಡು ಕೂತೆ. ನಾಯಿ ಅಡ್ಡಾಡಿಸುತ್ತಿದ್ದ ಒಬ್ಬಾಕೆ ಬೇಲಿಯಾಚೆಯಿಂದ ಕೇಳಿದಳು, ಅದೇನು?

“ನೀರುನಾಯಿಯ ಹೊಟ್ಟೆ” ಎಂದೆ.

ಆಕೆ ನಾಯಿಯನ್ನು ಹತ್ತಿರಕ್ಕೆ ಎಳೆದುಕೊಂಡು ಬೇಗ ಬೇಗ ನಡೆದಳು.

ಗಳಿಗೆಗೊಮ್ಮೆ ನಮ್ಮವಳು ಬಂದು ಬಗ್ಗಿ ನೋಡುತ್ತಿದ್ದಳು. “ಹೋಗ್ತಿದೆಯಾ?” “ನೋಡಿ ನೋಡಿ ಅದಕ್ಕೆ ದೃಷ್ಟಿಯಾಗ್ತದೆ. ಆ ಕಡೆ ಹೋಗು.” ಊಟದ ಹೊತ್ತಿಗೆ ಕೈಗುರುತುಗಳ ಬೆರಳುಗಳು ಮಾಸಿದವು. ಇಳಿಹೊತ್ತಿಗೆ ಅಂಗೈಗಳು. ಬಿಸಿಲು ಓರೆಯಾಗುವಾಗ ಉಳಿದದ್ದು ಎಡಪಕ್ಕೆಯಲ್ಲಿ ಒಂದೇ, ಮಜ್ಜಿಗೆಗೆ ಬಿದ್ದ ಒಗ್ಗರಣೆಯ ಎಣ್ಣೆಯಷ್ಟು ತೆಳು ಹಳದಿ. ತೋಳು ಇಳಿಬಿಟ್ಟರೆ ಅದರ ಅಡಿಗೆ ಹೋಗುವ ಜಾಗ.

ಅಟ್ಲಾಂಟಾದ ಹೋಟೆಲಿನ ಕಿಟಕಿ ಬೆಳಕಿನಲ್ಲಿ ಹೊಟ್ಟೆಯನ್ನು ತಿರುಗಿ ಹೊಲಿದೆ. ಹಳೆಯ ತೂತುಗಳಲ್ಲೇ ಸೂಜಿ ಹೋಗಬೇಕು, ಕೂದಲು ಹೊಲಿಗೆಯೊಳಗೆ ಸಿಕ್ಕಬಾರದು. ಎಡಪಕ್ಕೆಯನ್ನು ಮಾತ್ರ ಕಚ್ಚಾ ಹೊಲಿಗೆಯಲ್ಲಿ ಬಿಟ್ಟೆ, ಪ್ರದರ್ಶನ ಮುಗಿದ ಮೇಲೆ ಉಳಿದ ಕಲೆಯನ್ನು ಇನ್ನೊಮ್ಮೆ ಬಿಸಿಲಿಗೆ ಹಿಡಿಯುವ ಎಂದು. ಮ್ಯಾನೇಜರ್ ಫೋಟೋ ತೆಗೆದು ಪ್ರಚಾರ ಕಚೇರಿಗೆ ಕಳುಹಿಸಿದ. ಹೊಟ್ಟೆ ಬಿಚ್ಚಿದ್ದೆವೆಂದೂ, ಅದಕ್ಕೆ ಒಪ್ಪಿದವನು ತಾನೆಂದೂ ಜೊತೆಗೆ ಬರೆದ. ಉತ್ತರ ಬರುವವರೆಗೆ ಮೂವರೂ ಮಂಚದ ಅಂಚಿನಲ್ಲಿ ಒಬ್ಬರಿಗೊಬ್ಬರು ಅಂಟಿಕೊಂಡು ಕೂತಿದ್ದೆವು. ‘ಬಿಚ್ಚಿದ ವಿಚಾರ ಆಮೇಲೆ ಮಾತಾಡೋಣ. ಬಿಳಿ ಸರಿಯಾಗಿದೆ. ಮುಂದುವರಿಯಿರಿ’ ಎಂದು ಬಂತು. ಅವಳು ನನ್ನ ತೊಡೆಗೆ ಒಂದು ಏಟು ಹಾಕಿದಳು, ಇವತ್ತಿಗೂ ನೆನಪಿದೆ.

ಪ್ರದರ್ಶನದಲ್ಲಿ ಮೊದಲು ಇನ್ನೊಂದು ನೀರುನಾಯಿ ಬಂತು. ಸುಳ್ಳು ಹೇಳಬಾರದು, ಚೆನ್ನಾಗಿ ಕುಣಿಯಿತು. ಹಾಲಿನ ತುಂಬ ಚಪ್ಪಾಳೆ. ನಮ್ಮವಳು ಪರದೆಯ ಹಿಂದಿನಿಂದ ಕೇಳಿಸಿಕೊಂಡು, “ಅಕ್ಕಾ, ನಂಗೆ ಡ್ಯಾನ್ಸ್ ಬರಲ್ಲ” ಎಂದಳು. “ನಿನಗೆ ಕುಣಿ ಎಂದವರು ಯಾರು?” ಎಂದು ತಲೆ ಹಾಕಿದೆ.

ನಮ್ಮ ಸರದಿಯಲ್ಲಿ ಅವಳು ವೇದಿಕೆಯ ಕಡೆ ಹೋಗಲೇ ಇಲ್ಲ. ಮೊದಲ ಸಾಲಿನ ಅಂಚಿನಲ್ಲಿ ಗಾಲಿಕುರ್ಚಿಯಲ್ಲಿದ್ದ ಒಬ್ಬ ಮುದುಕಿ ಮೇಳದ ಚೀಟಿಯನ್ನು ಕಣ್ಣಿಗೆ ಹತ್ತಿರ ಹಿಡಿದು ಓದುತ್ತಿದ್ದಳು. ನೀರುನಾಯಿ ಹೋಗಿ ಅವಳ ಕಾಲ ಬಳಿ ಕೂತಿತು. ಮುದುಕಿ ಚೀಟಿ ಇಳಿಸಿ, ಇದು ಮೊದಲಿನಿಂದ ಪರಿಚಯದ ಪ್ರಾಣಿ ಎಂಬಂತೆ ಮಾತು ಶುರು ಮಾಡಿದಳು. ಚಿಕ್ಕವಳಿದ್ದಾಗ ಅಪ್ಪ ಅವಳನ್ನು ಒಂದು ವಿಶ್ವ ಮೇಳಕ್ಕೆ ಕರೆದುಕೊಂಡು ಹೋಗಿದ್ದನಂತೆ. ಯಾವ ದೇಶದ ಮಂಟಪದಲ್ಲಿ ಏನಿತ್ತು ಒಂದೂ ನೆನಪಿಲ್ಲ, ಅಪ್ಪ ಹೆಗಲ ಮೇಲೆ ಕೂರಿಸಿಕೊಂಡಿದ್ದು, ಅವನ ಕೂದಲೆಣ್ಣೆಯ ವಾಸನೆ, ಅಷ್ಟು ನೆನಪಿದೆ. ನೀರುನಾಯಿ ತಲೆ ಓರೆ ಮಾಡಿ ಕೇಳಿತು. ಮಾತು ನಿಂತಾಗ ಇನ್ನೊಂದು ಕಡೆಗೆ ಓರೆ ಮಾಡಿತು, ಆಮೇಲೇನಾಯಿತು ಎಂಬಂತೆ. ಮುದುಕಿ ಮುಂದುವರಿಸಿದಳು. ಹಿಂದಿನ ಸಾಲಿನವರು ಎದ್ದು ಹತ್ತಿರ ಬಂದು ನಿಂತರು. ಚಪ್ಪಾಳೆ ಬೀಳಲಿಲ್ಲ, ಯಾರಿಗೂ ಅದು ನೆನಪಾಗಲಿಲ್ಲ. ಅಧಿಕಾರಿ ಎಲ್ಲಿದ್ದಾರೆಂದು ನೋಡಿದೆ. ಕಂಬಕ್ಕೆ ಒರಗಿ, ಕೈಯ ಫೋನನ್ನು ಮರೆತು ನಿಂತಿದ್ದರು.

ಒಳಗೆ ಬಂದೊಡನೆ ಅವಳು ನನ್ನ ಮಣಿಕಟ್ಟನ್ನು ಎರಡು ಸಲವಲ್ಲ, ಹತ್ತು ಸಲ ಒತ್ತಿದಳು. ಹೆಂಗಸರ ರೆಸ್ಟ್‌ರೂಮಿಗೆ ಓಡಿದೆವು. ತಲೆ ತೆಗೆದು, ಜಿಪ್ಪು ಇಳಿಸಿ, ಅಂಗವಿಕಲರ ದೊಡ್ಡ ಕೋಣೆಯೊಳಗೆ ಅವಳನ್ನು ತಳ್ಳಿ, ತಲೆಯನ್ನು ಟವೆಲಿನಲ್ಲಿ ಮುಚ್ಚಿ ಹಿಡಿದುಕೊಂಡು ಬಾಗಿಲ ಹೊರಗೆ ನಿಂತೆ. ಫೋನು ಗುನುಗಿತು. ಮ್ಯಾನೇಜರ್.

ಓದಿದೆ. ಮತ್ತೆ ಓದಿದೆ.

“ಮಾರಾಯ್ತಿ.”

“ಏನು?”

“ಮೇಳಕ್ಕೆ ಆರಿಸಿದ್ದು ನಿನ್ನನ್ನು. ಈಗ ಬರೆದಿದ್ದಾನೆ.”

ಕೈ ತೊಳೆಯುತ್ತಿದ್ದ ಒಬ್ಬಾಕೆ ನಲ್ಲಿ ನಿಲ್ಲಿಸಿ, ಪೇಪರ್ ಎಳೆದು, ಹೋದಳು.

“ಅಕ್ಕಾ, ಇನ್ನೊಂದ್ಸಲ ಓದಿ. ಅವನು ಬರೆದಂಗೇ ಓದಿ.”

ಈ ಸಲ ಎರಡನೆಯ ಸಾಲನ್ನೂ ಓದಬೇಕಾಯಿತು. ಅಲ್ಲಿ ಕೈ ಹಿಡಿದು ನಡೆಸಲು ಅವರ ಊರಿನವರೇ ಇದ್ದಾರೆ, ಇಲ್ಲಿಂದ ಬರುವುದು ಅವಳೊಬ್ಬಳೇ, ಎಂದಿತ್ತು.

“ಮತ್ತೆ ನೀವು?”

“ನಾನೆಂತ, ಮನೆಗೆ ಹೋಗ್ತೇನೆ. ನಮ್ಮವರು ದಿನಾ ಮೊಸರನ್ನವೇ ತಿಂತಿದ್ದಾರಂತೆ.”

ಬಾಗಿಲು ತೆರೆಯಿತು. ಕುತ್ತಿಗೆಯವರೆಗೆ ನೀರುನಾಯಿ, ಮೇಲೆ ಬೆವರಿಗೆ ಕೂದಲು ಅಂಟಿದ ಅವಳ ಮುಖ. ಹಿಂದೆ ಜಿಪ್ಪು ಬಿಚ್ಚಿಕೊಂಡೇ ಇತ್ತು. ಎರಡೂ ತೋಳು ಚಾಚಿ ಬಂದಳು.

“ಏಯ್, ಮೆಲ್ಲ. ಎಡಗಡೆ ಕಚ್ಚಾ ಹೊಲಿಗೆ ಉಂಟು.”

ಕೇಳಲಿಲ್ಲ. ಅಷ್ಟು ದಪ್ಪ ಹೊಟ್ಟೆಯ ಸಮೇತ ನನ್ನನ್ನು ಅಪ್ಪಿ ಹಿಡಿದುಕೊಂಡಳು. ಎಡಪಕ್ಕೆಯಲ್ಲಿ ದಾರ ಟಿಕ್ಕೆಂದಿತು, ಇನ್ನೊಮ್ಮೆ ಟಿಕ್ಕೆಂದಿತು. ಮಧ್ಯಾಹ್ನದ ಸರದಿಗೆ ಇನ್ನು ಹೆಚ್ಚು ಹೊತ್ತಿರಲಿಲ್ಲ. ಸೂಜಿ ದಾರ ನನ್ನ ಜೇಬಿನಲ್ಲೇ ಇದ್ದವು. ಅವಳಾಗಿಯೇ ಬಿಡಲಿ ಎಂದುಕೊಂಡು ನಿಂತೆ.